ಮೂರನೇ ಚಿಲಕ

ಹತ್ತೂವರೆಗೆ ದೀಪ ಆರಿಸುತ್ತೇನೆ. ಹನ್ನೊಂದಕ್ಕೆ
ಬರಿಗಾಲಲ್ಲಿ ಯಾರೋ ಮೆಟ್ಟಿಲಿಳಿಯುವ ಸದ್ದು.
ಎರಡನೇ ಮಹಡಿಯ ಹೊಸ ಹುಡುಗ, ಜರೆಲ್. ಆರನೇ ಕ್ಲಾಸು.
ಮುಂಬಾಗಿಲ ಹಿಡಿಕೆ ಎಳೆದು ನೋಡುತ್ತಾನೆ,
ಒಮ್ಮೆ, ಮತ್ತೊಮ್ಮೆ.
ಓಡಿಹೋಗುವ ಮಕ್ಕಳನ್ನು ಬೇಕಾದಷ್ಟು ಕಂಡಿದ್ದೇನೆ
ಈ ಕುರ್ಚಿಯಲ್ಲಿ ಕೂತು.
ಅವರು ಬಾಗಿಲನ್ನು ಹೀಗೆ ಮುಟ್ಟುವುದಿಲ್ಲ.

‘ಏನೋ?’ ಅಂದೆ.
‘ಇದಕ್ಕೆ ಒಂದೇ ಬೀಗವಾ, ಮಿಸ್ಟರ್ ಪರ್ನೆಲ್?’

ಪಶ್ಚಿಮ ಬಾಲ್ಟಿಮೋರಿನಲ್ಲಿ, ಕಿಟಕಿಗೆ ಹಲಗೆ ಬಡಿದ
ಎರಡು ಖಾಲಿ ಮನೆಗಳ ನಡುವೆ ಅವನ ಮನೆ.
ಅಜ್ಜಿ ಅರ್ನೆಸ್ಟೀನ್‌ಗೆ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ.
ಕಿವಿ ಕೇಳದ ಮುತ್ತಜ್ಜಿ, ಏಳು ವರ್ಷದ ತಂಗಿ ನೈಲಾ,
ಬಾಗಿಲಿಗೆ ಮೂರು ಚಿಲಕ.
ಕೆಳಗಿನದು ಸಲೀಸು. ನಡುವಿನದಕ್ಕೆ ಭುಜ ಕೊಡಬೇಕು.
ಮೇಲಿನದು ಇವನಿಗೇ ಎಟುಕಿದ್ದು
ಒಂಬತ್ತು ತುಂಬಿದ ಮೇಲೆ.

ಚೀಟಿಯಲ್ಲಿ ಹೆಸರು ಬಂದ ದಿನ ಅಜ್ಜಿ ಅತ್ತಳಂತೆ,
ಪಕ್ಕದಲ್ಲಿ ಹೆಸರು ಬರದವಳೂ ಅತ್ತಳಂತೆ,
ಇಬ್ಬರದೂ ಒಂದೇ ಕರವಸ್ತ್ರ.

ಫೀಸಿಲ್ಲ, ಊಟಕ್ಕೆ ಕೊಡುವಂತಿಲ್ಲ, ಹಾಸಿಗೆಗೂ ಇಲ್ಲ,
ಎಲ್ಲ ಬಿಟ್ಟಿ ಅನ್ನುತ್ತಾರೆ ಜನ.
ಬಿಟ್ಟಿಯೆಲ್ಲಿ ಬಂತು?
ಭಾನುವಾರ ಸಂಜೆ ಬಸ್ಸಿಳಿಯುವ ಒಂದೊಂದು ಮಗುವೂ
ಮನೆಯಲ್ಲೊಂದು ಕೆಲಸ ಬಿಟ್ಟು ಬಂದಿರುತ್ತದೆ.

ಶುಕ್ರವಾರದ ತನಕ ಫೋನು ಕೊಡಬಾರದು, ನಿಯಮ.
ನನ್ನದನ್ನೇ ಕೊಟ್ಟೆ.
‘ಕುರ್ಚಿ ತಂದೆಯಾ? ಅದಲ್ಲ, ಹಸಿರುದು, ಅದು ಅಲುಗಲ್ಲ.’
ಆಚೆ ಕಡೆ ನೆಲ ಕೆರೆದ ಸದ್ದು.
ಆಮೇಲೆ ಬಹಳ ಹೊತ್ತು ಏನೂ ಇಲ್ಲ.
ನಾನೂ ಉಸಿರು ಹಿಡಿದೆ, ಸುಳ್ಳೇಕೆ.
ಟಕ್.

ಇಲ್ಲಿ ಗೋಡೆಯ ತುಂಬ ಕಾಲೇಜುಗಳ ಬಾವುಟ.
ನಾನು ಹೈಸ್ಕೂಲು ಮುಗಿಸಿದವನಲ್ಲ,
ಅವುಗಳ ಬಾಗಿಲು ಯಾವ ಕಡೆಗೆ ತೆರೆಯುತ್ತವೋ ತಿಳಿಯದು.
ಬೀಗ ಮಾತ್ರ ಗೊತ್ತು.
‘ನಾಳೆಯಿಂದ ನೀನೇ ಹಾಕು’ ಅಂದು ಕೀಲಿ ಕೊಟ್ಟೆ.

ಜನವರಿಯಲ್ಲೊಂದು ರಾತ್ರಿ ಅವನು ಬರಲಿಲ್ಲ.
ಹತ್ತಿ ನೋಡಿದೆ: ಬೀಜಗಣಿತದ ಮೇಲೆ ಕೆನ್ನೆ,
ಬೆರಳ ಸಂದಿಯಲ್ಲಿ ಪೆನ್ಸಿಲ್, ಬಾಯಿ ತೆರೆದ ನಿದ್ದೆ.
ಕೆಳಗೆ ನನ್ನ ಫೋನು ಹೊಡೆದುಕೊಳ್ಳುತ್ತಿತ್ತು.
‘ಹಾಕಿದೆ ಅಂತ ಹೇಳಿ ಅವನಿಗೆ’ ಅಂತು ಪುಟ್ಟ ದನಿ,
ಸ್ವಲ್ಪ ಸಿಟ್ಟಿನಲ್ಲಿ.

ಹೇಳುತ್ತೇನೆ, ಅಂದೆ.
ಎಬ್ಬಿಸಲಿಲ್ಲ.
ಬೀಗ ಹಾಕಿ ಹಿಡಿಕೆ ಎಳೆದು ನೋಡಿದೆ,
ಒಮ್ಮೆ, ಮತ್ತೊಮ್ಮೆ.