ನಾಲ್ಕನೆಯ ಸಾಲು

ಮೈಸೂರಿನ ಈ ಸಂಗ್ರಹಾಲಯಕ್ಕೆ ಮಂಗಳವಾರ ಮಧ್ಯಾಹ್ನ
ಯಾರೂ ಬರುವುದಿಲ್ಲ.
ಗಾಜಿನೊಳಗೆ ಬೂದಿ ತುಂಬಿದ ಗಡಿಗೆ, ತುಕ್ಕು ತಿಂದ ಕುಡುಗೋಲು,
ಉಗುರಿನಷ್ಟೇ ಇರುವ ಕಲ್ಲಿನ ಅಲಗುಗಳು.
ಎಲ್ಲಕ್ಕೂ ನಂಬರು. ನನಗೂ ಒಂದು, ಎದೆಯ ಬಿಲ್ಲೆಯಲ್ಲಿ.

ಆಕೆ ಬಂದಳು, ಮೊಮ್ಮಗಳ ಕೈ ಹಿಡಿದು.
ಪುಸ್ತಕದಲ್ಲಿ ನಾನೇ ಬರೆದೆ: ಹೊಂಬಾಳಮ್ಮ, ನಾಗಮಂಗಲದ ಕಡೆ.
ಗಡಿಗೆ ನೋಡಲಿಲ್ಲ, ಜಿನನ ತಲೆ ನೋಡಲಿಲ್ಲ,
ನೆಟ್ಟಗೆ ಜಗಲಿಯ ವೀರಗಲ್ಲಿನ ಮುಂದೆ ಹೋಗಿ
"ಅಯ್ಯೋ, ನಮ್ಮ ಕಲ್ಲು! ನಿಲ್ಸವ್ರೆ!" ಅಂದಳು.

ಅವಳು ಕಂಡದ್ದು ಅದು ಮಲಗಿದ್ದಾಗ,
ಕೆರೆಯ ತೂಬಿನ ಬಳಿ, ಮೊಣಕಾಲುದ್ದ ನೀರಿನಲ್ಲಿ.
ಅತ್ತೆಯ ಅತ್ತೆ ಸೆಣೆದ ಕಲ್ಲು, ಅತ್ತೆ ಸೆಣೆದದ್ದು,
ಮದುವೆಯ ಮೂರನೇ ದಿನ ತನ್ನ ಪಾಲಿಗೆ ಬಂದದ್ದು.
ಚೌಳುಮಣ್ಣು, ಬಾಣಂತಿಯ ಸೀರೆ, ಗೌಡರ ದುಪ್ಪಟಿ, ಸೂತಕದ ಪಂಚೆ.
"ಅಕ್ಸರ ತರಿತರಿಯಾಗಿದ್ವು ಕಣಪ್ಪ,
ಕೊಳೆ ಬಿರ್ರನೆ ಬುಡೋದು."

'ಮುಟ್ಟಬಾರದು' ಎಂಬ ಹಲಗೆಯ ಕೆಳಗೇ
ಅವಳ ಅಂಗೈ ಹೋಗಿ ಕೂತಿತು ತಗ್ಗಿನಲ್ಲಿ,
ಅಳತೆ ಕೊಟ್ಟು ಮಾಡಿಸಿದ ಹಾಗೆ.
ಸೀಟಿ ನನ್ನ ಜೇಬಿನಲ್ಲಿತ್ತು. ಇರಲಿ ಅಂದುಕೊಂಡೆ.

ಈ ಇಬ್ಬರು ಹೆಂಗಸರು ಯಾರು, ಕೇಳಿದಳು ಮೊಮ್ಮಗಳು.
ಸತ್ತ ವೀರನ ತೋಳು ಎರಡು ಕಡೆ ಹಿಡಿದು
ಸ್ವರ್ಗಕ್ಕೊಯ್ಯುವ ದೇವಕನ್ಯೆಯರು: ನನಗೆ ಕಲಿಸಿಕೊಟ್ಟ ಉತ್ತರ.
"ಏ, ಅಲ್ಲ ಕಣ್ ಮಗ. ಒದ್ದೆ ಸೀರೆ ಹಿಂಡ್ತಾವ್ರೆ.
ಒಬ್ಬಳು ಈ ತುದಿ, ಒಬ್ಬಳು ಆ ತುದಿ."
ಅಂದಿನಿಂದ ನನಗೂ ಬೇರೆ ಥರ ಕಾಣುವುದೇ ಇಲ್ಲ.

"ಏನ್ ಬರ್ದದೆ, ವಸಿ ಓದೇಳಪ್ಪ."
ಪಕ್ಕದ ಹಲಗೆ ನೋಡಿ ಓದಿದೆ:
ಸ್ವಸ್ತಿ ಶ್ರೀ... ಊರ ತುರುವಂ ಕೊಳೆ...
"ಕೊಳೆನೂ ಬರ್ದವ್ರಾ!"
ಆ ಕೊಳೆಯಲ್ಲಮ್ಮ. ದನ ಹೊಡೆದುಕೊಂಡು ಹೋಗುವಾಗ
ಅಡ್ಡ ಬಿದ್ದು, ಕಾದು, ದನ ಬಿಡಿಸಿ, ತಾನು ಸತ್ತ.
"ಯಾರು?"
ನಾಲ್ಕನೆಯ ಸಾಲು. ಹಲಗೆಯಲ್ಲಿ ಬರೀ ಚುಕ್ಕಿಗಳು,
ಕೊನೆಗೆ ಕಂಸದಲ್ಲಿ: ಹೆಸರು ಸವೆದಿದೆ.
ಅವಳ ಅಂಗೈ ಇನ್ನೂ ಅದರ ಮೇಲೇ ಇತ್ತು.

ತೆಗೆದಳು. ಸೆರಗಿಗೆ ಒರೆಸಿಕೊಂಡಳು, ಒದ್ದೆಯಾದ ಹಾಗೆ.
"ತಪ್ಪಾಯ್ತೇನಪ್ಪ?"
ಕೇಳಿದ್ದು ನನ್ನನ್ನಲ್ಲ.
ಆಮೇಲೆ ನನ್ನ ಕಡೆ ತಿರುಗಿ,
"ಕಡೇಲಿ ಏನದೆ? ಅಲ್ಲಿ ಚೆಂದಾಗಿ ಕಾಣ್ತದಲ್ಲ."

ಕಡೆಯ ಸಾಲಿನಲ್ಲಿ ಒಂದಕ್ಷರವೂ ಹೋಗಿಲ್ಲ:
ಇದನಳಿದವಂ ಕವಿಲೆಯನಳಿದ ಪಾಪಕ್ಕೆ ಪೋಕುಂ.

ಓದಿದವರಿಗೆ ಒಳ್ಳೇದಾಗಲಿ ಅಂತ ಬರೆದಿದೆ, ಅಂದೆ.
"ಓದಕ್ಕೆ ಬರ್ದೋರ್ಗೆ?"
ಅವರಿಗೂ.

ದೀಪ ಆರಿಸುವ ಮುನ್ನ ದಿನವೂ ಒರೆಸಬೇಕು,
ಒಣಬಟ್ಟೆಯಲ್ಲೇ, ನೀರು ತಾಗಿಸದೆ, ಹಾಗೆಂದು ಆದೇಶ.
ಮೇಲಿನಿಂದ ಕೆಳಕ್ಕೆ, ಹನ್ನೊಂದು ವರ್ಷದಿಂದ.
ಆ ಸಂಜೆ ಮೊದಲ ಸಲ ಬಟ್ಟೆ ಬಿಚ್ಚಿ ನೋಡಿದೆ.
ನೂಲಿನ ಸಂದಿಯಲ್ಲಿ ಬೂದುಬಣ್ಣದ ಹುಡಿ,
ಮುಖಕ್ಕೆ ಹಚ್ಚುವ ಪೌಡರಿನಷ್ಟು ನಯ.
ಧೂಳೋ,
ಕಲ್ಲೋ.