ಮಿಡತೆ ಉಲಿಯಕ್ಕಿಯ ಹಾಳೆ

ಏಪ್ರಿಲ್ ಮೂರನೇ ಭಾನುವಾರ, ನಸುಕಿನ ನಾಲ್ಕೂವರೆ.
ಚರ್ಚಿನ ಹಳೆ ವ್ಯಾನು ಓಡಿಸುವವನು ನಾನು,
ಹಕ್ಕಿಗೂ ನನಗೂ ಅಷ್ಟಕ್ಕಷ್ಟೆ.
ಒಂದು ಫ್ಲಾಸ್ಕು ಕಾಫಿ, ಮಿಸೆಸ್ ಆಲ್ಡಸ್ ಕಟ್ಟಿ ತರುವ ಶುಂಠಿ ಕೇಕು,
ನನ್ನ ಬಾಡಿಗೆ ಅಷ್ಟೇ.

ಬಾರ್ಲಿ ಹೊಲದಲ್ಲಿ ಎರಡು ಮೊಲ ಹಿಂಗಾಲ ಮೇಲೆ ನಿಂತು
ಕಪಾಳಕ್ಕೆ ಬಾರಿಸಿಕೊಳ್ಳುತ್ತಿದ್ದವು.
"ಗಂಡುಗಳ ಜಗಳವಲ್ಲ ಅದು, ಹೆಣ್ಣು ಒಲ್ಲೆ ಅಂತಿದೆ"
ಹಿಂದಿನ ಸೀಟಿನಿಂದ ಮಿಸೆಸ್ ಆಲ್ಡಸ್.
ಎರಡು ಮದುವೆ ಕಂಡವರು, ಗೊತ್ತಿರಬೇಕು.

ವಿದರ್‌ಗೇಟ್ ಜೌಗಿನ ಅಂಚಿನಲ್ಲಿ ಇಂಜಿನ್ ಆರಿಸಿದೆ.
ಮೊಣಕಾಲೆತ್ತರ ಮಂಜು, ದನಗಳಿಗೆ ಕಾಲೇ ಇಲ್ಲ.
ಹೋದ ವರ್ಷದ ಜೊಂಡು ಒಣಗಿ ನಿಂತಿದೆ,
ಬುಡದಲ್ಲಿ ಈ ವರ್ಷದ್ದು ಚೂರಿ ಮಸೆಯುತ್ತಿದೆ, ಹಸಿರಾಗಿ.

ಮೊದಲು ಇಳಿದವನು ಕ್ಲೆಮೆಂಟ್ ಥರ್ಕೆಟಲ್.
ನಲವತ್ತೊಂದು ವಸಂತ ಈ ಜೌಗಿನ ಲೆಕ್ಕ ಬರೆದವನು.
ಅಂಚೆ ಹಂಚುವಾಗ ಮನೆಮನೆಯ ನಾಯಿಯ ಹೆಸರು ಗೊತ್ತಿದ್ದ ಹಾಗೆ
ಪೊದೆಪೊದೆಯ ಕೊರಳು ಗೊತ್ತು.
ಎಣ್ಣೆಬಟ್ಟೆ ಹೊದಿಸಿದ ಪುಸ್ತಕ, ಹಕ್ಕಿಗೊಂದು ಹಾಳೆ.
ಮಿಡತೆ ಉಲಿಯಕ್ಕಿಯ ಹಾಳೆಯಲ್ಲಿ ಕೊನೆಯ ನಾಲ್ಕು ವರ್ಷ
ಸೊನ್ನೆ, ಸೊನ್ನೆ, ಸೊನ್ನೆ, ಸೊನ್ನೆ.
ಪ್ರತಿ ಸೊನ್ನೆಯ ಪಕ್ಕ: ಇಲ್ಲ.
ಕೌಂಟಿಯವರಿಗೆ ಕಾಗದ ಹಾಕಿದ್ದ, "ಹೋಯಿತು, ಇನ್ನು ಬರುವುದಿಲ್ಲ."
ಆ ದಿನ ಊಟ ಬಿಟ್ಟಿದ್ದನಂತೆ.

ಕಣ್ಣಿಗೆ ಬೀಳುವ ಹಕ್ಕಿಯಲ್ಲ ಅದು.
ಮುಳ್ಳುಬಳ್ಳಿಯ ತಳದಲ್ಲಿ ಇಲಿಯ ಹಾಗೆ ಹರಿದಾಡುವ
ಒಂದು ಕಂದು ಚೂರು.
ಇದೆ ಅನ್ನುವುದಕ್ಕೆ ಕಿವಿಯೇ ಸಾಕ್ಷಿ.

ಜೊಂಡಿನೊಳಗಿಂದ ಬಿಟರ್ನ್ ಗುಮ್ಮೆಂದಿತು
ಖಾಲಿ ಶೀಷೆಯ ಬಾಯಿಗೆ ಯಾರೋ ಊದಿದಂತೆ.
ನಮಗಿಂತ ಮೊದಲೇ ಕ್ಲೆಮೆಂಟ್ ಬೆರಳೆತ್ತಿದ್ದ.
ಮುದುಕನ ಕಿವಿ ನೋಡು, ಅಂದುಕೊಂಡೆ.

ಮಿಸೆಸ್ ಆಲ್ಡಸ್‌ರ ಮೊಮ್ಮಗಳು ಬ್ರಯನಿ, ಹನ್ನೊಂದು ವರ್ಷ,
ಅಜ್ಜಿಯ ಬೂಟಿನಲ್ಲಿ ಕಾಲೆಳೆಯುತ್ತ, ಆಕಳಿಸುತ್ತ,
"ಯಾರೋ ಗಾಳದ ರಾಟೆ ಸುತ್ತುತ್ತಿದ್ದಾರೆ,
ನಿಲ್ಲಿಸುತ್ತಲೇ ಇಲ್ಲ" ಎಂದಳು.

ನಿಂತೆವು. ಹೌದು, ನನಗೂ ಕೇಳಿಸಿತು.
ಸೈಕಲ್ಲು ತಲೆಕೆಳಗು ಮಾಡಿ ಚಕ್ರ ತಿರುವಿ ಬಿಟ್ಟ ಹಾಗೆ
ಸಣ್ಣ, ಒಣ, ಉಸಿರೆಳೆದುಕೊಳ್ಳದ ಸದ್ದು.
ಕ್ಲೆಮೆಂಟ್ ನಮ್ಮ ಮುಖಗಳನ್ನು ನೋಡಿದ.
ಪೊದೆಯನ್ನಲ್ಲ, ಮುಖಗಳನ್ನು, ಒಂದಾದ ಮೇಲೊಂದು.
"ಎಲ್ಲಿ?"
"ಅಲ್ಲೇ. ನಿಮ್ಮ ಮೊಣಕಾಲ ಹತ್ತಿರ."

ಒಳ್ಳೆ ಸುದ್ದಿ, ಕೆಟ್ಟ ಸುದ್ದಿ ಒಂದೇ ಲಕೋಟೆಯಲ್ಲಿ.
ಇಂಥವನ್ನು ತಾನೇ ಎಷ್ಟು ಬಾಗಿಲೊಳಗೆ ತೂರಿಸಿದ್ದನೋ.
ಮಿಸೆಸ್ ಆಲ್ಡಸ್ ದುರ್ಬೀನಿನ ಗಾಜು ಒರೆಸತೊಡಗಿದರು,
ಒರೆಸಿದ್ದನ್ನೇ ಒರೆಸಿದರು.

ಪುಸ್ತಕ ತೆಗೆದ. ರಬ್ಬರು ಹುಡುಕುತ್ತಾನೆ ಅಂದುಕೊಂಡೆ.
ಹುಡುಕಲಿಲ್ಲ. ಸೊನ್ನೆಗಳನ್ನು ಹಾಗೇ ಬಿಟ್ಟ.
ಇಲ್ಲ ಎಂದಿದ್ದಲ್ಲೆಲ್ಲ ಪೆನ್ಸಿಲಿನ ತುದಿ ಒದ್ದೆ ಮಾಡಿಕೊಂಡು
ನಾಲ್ಕು ಸಲ ತಿದ್ದಿದ:
ಕೇಳಿಸಲಿಲ್ಲ.

"ಈ ವರ್ಷದ್ದು?"
"ನೀನೇ ಬರಿ" ಎಂದು ಹುಡುಗಿಯ ಕೈಗೆ ಕೊಟ್ಟ.
ಅವಳು ಒಂದು ಎಂದು ಬರೆದಳು, ಕಾಲುವೆ ದಾಟಿದ ಮೇಲೆ
ಅದನ್ನು ಹೊಡೆದು ಎರಡು,
ವಿಲೋ ಮರದ ಹತ್ತಿರ, ಖಾತ್ರಿಯಿಲ್ಲದೆ, ಮೂರು?
ಪ್ರಶ್ನೆ ಚಿಹ್ನೆ ಹಾಕಬಹುದಾ? ಹಾಕಬಹುದು.
ಕೋರೆಹಲ್ಲಿನ ನೀರುಜಿಂಕೆಯೊಂದು ದಾರಿಗಡ್ಡ ನಿಂತು ಹೋಯಿತು,
ನನ್ನ ಹೊರತು ಯಾರೂ ನೋಡಲಿಲ್ಲ.

ವ್ಯಾನು ಹತ್ತುವಾಗ ತಗ್ಗಿದ ದನಿಯಲ್ಲಿ ಕೇಳಿದ:
"ಇನ್ನೂ ಹಾಡ್ತಿದೆಯಾ?"
ಬಾಯ್ತುಂಬ ಕೇಕು, ಅವಳು ತಲೆಯಾಡಿಸಿದಳು.
ಕೀಲಿ ತಿರುವದೆ ಒಂದಿಷ್ಟು ಹೊತ್ತು ಕೂತೆ.
ಡೀಸೆಲ್ ಗಾಡಿ, ಶುರುವಾದರೆ
ಯಾರಿಗೂ ಏನೂ ಕೇಳಿಸುವುದಿಲ್ಲ.