ಹಾಜರಿ

ಕೀರ್ತಿಪುರದ ಗುಡ್ಡದ ಬುಡದಲ್ಲಿ
ರಾಜ್ಯಶಾಸ್ತ್ರ ವಿಭಾಗ, ಕೋಣೆ ಹನ್ನೆರಡು.
ನಮ್ಮಜ್ಜನ ಗದ್ದೆ ಇದು. ಮೂಲೆಯ ಬೆಂಚಿನ ಹತ್ತಿರ
ನೀರು ಬಿಡುವ ತೂಬಿತ್ತಂತೆ.
ವಿಶ್ವವಿದ್ಯಾಲಯಕ್ಕೆಂದು ಸರ್ಕಾರ ಕೊಂಡ ವರ್ಷ
ಭತ್ತ ಹಾಲುಗಟ್ಟಿತ್ತು, ಕೊಯ್ಯಲು ಬಿಡಲಿಲ್ಲ
ಎಂದು ಅಜ್ಜಿ ಸಾಯುವವರೆಗೂ ಅನ್ನುತ್ತಿದ್ದಳು.
ಈಗ ಅದೇ ಮಣ್ಣಿನ ಮೇಲೆ ನಾನು
ಗಂಟೆ ಲೆಕ್ಕದ ಮೇಷ್ಟ್ರು.
ತೇವದ ದಿನ ಸೀಮೆಸುಣ್ಣ ಹಿಡಿಯುವುದಿಲ್ಲ;
ಗದ್ದೆ ಇನ್ನೂ ಗೋಡೆಯೊಳಗೆ ಏರುತ್ತದೆ.

ಮೊದಲ ಪಾಠ: ರಾಜ್ಯಕ್ಕೆ ಬೇಕಾದವು ನಾಲ್ಕು.
ಜನ, ನೆಲ, ಸರ್ಕಾರ, ಸಾರ್ವಭೌಮತೆ.
ಬರೆದು ತಿರುಗುವಷ್ಟರಲ್ಲಿ ಕಿಟಕಿ ಪಕ್ಕದಿಂದ ಬಂತು:
'ಜನ ಅಂದರೆ ಎಣಿಸಿದವರೋ ಸರ್, ಚೀಟಿ ಇದ್ದವರೋ?'

ಇಚ್ಛಾ ಪಾಖ್ರಿನ್.
ಗೇಟಿನೆದುರು ಚಹಾ ಕಾಸುವ ಕಾಂಛೀಮಾಯಾಳ ಮಗಳು.
ನನ್ನ ಪುಸ್ತಕದಲ್ಲಿ ನಲವತ್ತೊಂದು ಹೆಸರು.
ನಲವತ್ತೊಂದಾದ ಮೇಲೆ, ನಾನು ಕರೆಯದಿದ್ದರೂ,
'ಹಾಜರ್' ಅನ್ನುತ್ತಾಳೆ.
ಮೊದಲ ವಾರ ಎಲ್ಲ ನಕ್ಕರು.
ಎರಡನೆಯ ವಾರ ಹಿಂದಿನ ಬೆಂಚಿನ ಝಲಕ್ ಬಹಾದುರ್
'ಅವಳು ಹೇಳುವ ತನಕ ಪೆನ್ನು ಮುಚ್ಚಬೇಡಿ ಸರ್' ಅಂದ.

ವಾರ್ಡು ಕಚೇರಿ ಹೇಳಿತು, ಜಿಲ್ಲೆಗೆ ಹೋಗು.
ಜಿಲ್ಲೆ ಹೇಳಿತು, ವಾರ್ಡಿನ ಶಿಫಾರಸು ತಾ.
ಎರಡೂ ಕಡೆ ಗಾಜಿಗೆ ಒಂದೇ ಎತ್ತರದ ತೂತು,
ಬಗ್ಗಿಯೇ ಮಾತಾಡಬೇಕು.
'ಅಪ್ಪನ ನಾಗರಿಕತಾ ಎಲ್ಲಿ?'
'ಅಮ್ಮನದಿದೆ.'
'ನಾನು ಕೇಳಿದ್ದು ಅಪ್ಪನದು.'
ಅರ್ಜಿಯ ಐದನೆಯ ಸಾಲು ಖಾಲಿ.
ಗುಮಾಸ್ತ ಅದನ್ನು ಪೆನ್ನಿನ ತುದಿಯಿಂದ ಕುಟ್ಟಿದ,
ಬಾಗಿಲು ತಟ್ಟಿದ ಹಾಗೆ.
ಒಳಗಿಂದ ಯಾರೂ ಓಗೊಡಲಿಲ್ಲ.

ಆದರೆ ಜನಗಣತಿಯವರು ಮನೆಗೇ ಬಂದಿದ್ದರಂತೆ,
ಚಹಾ ಕುಡಿದು, ಬಾಗಿಲಿಗೊಂದು ಕಾಗದ ಅಂಟಿಸಿ ಹೋದರಂತೆ:
ಹೆಣ್ಣು ಎರಡು, ಗಂಡು ಸೊನ್ನೆ.
'ಲೆಕ್ಕಕ್ಕುಂಟು ಸರ್, ಆಟಕ್ಕಿಲ್ಲ' ಅಂದಳು.
ಬೋರ್ಡು ಒರೆಸುವ ಕೆಲಸ ಆಗ ನನಗೆ ತುಂಬ ಇತ್ತು.

ಮಾಘದಲ್ಲಿ ಸಂಘದ ಹುಡುಗರು
ಏನೋ ಬೇಡಿಕೆಗೆ ವಿಭಾಗಕ್ಕೆ ಬೀಗ ಜಡಿದರು.
ಹದಿನೇಳು ದಿನ ಎಲ್ಲರೂ ಅವಳ ಹಾಗೆ ಹೊರಗೆ.
ಪಾಠ ಅವಳಮ್ಮನ ಅಂಗಡಿಯಲ್ಲೇ ನಡೆಯಿತು,
ಒಲೆಯ ಸುತ್ತ, ಶಾಲು ಹೊದ್ದು.
'ಸಾಮಾನ್ಯ ಇಚ್ಛೆ ಎಂದರೇನು?' ಅಂದೆ.
ಎಲ್ಲರ ಕಣ್ಣೂ ಅವಳ ಮೇಲೆ.
'ಉದ್ದರಿ ಹೇಳುವುದು' ಅಂದಳು ಗ್ಲಾಸು ತೊಳೆಯುತ್ತ,
'ಇಲ್ಲಿ ಎಲ್ಲರಿಗೂ ಇರುವುದು ಅದೊಂದೇ.'

ಎರಡು ಸಲ ಮುಂದೆ ಹೋದ ಪರೀಕ್ಷೆ ಚೈತ್ರದಲ್ಲಿ ಬಂತು.
ನಾನು ಕೋಣೆಯ ಕಾವಲು.
ಅವಳು ಕಿಟಕಿಯ ಕೆಳಗಿನ ಕಟ್ಟೆಯ ಮೇಲೆ.
ಪ್ರಶ್ನೆಗಳನ್ನು ಓದಿ ಹೇಳುವ ಪದ್ಧತಿ ನಮ್ಮಲ್ಲಿಲ್ಲ.
ಓದಿದೆ. ಸ್ವಲ್ಪ ಜೋರಾಗಿಯೇ,
ಕಿಟಕಿಯ ಕಡೆ ಮುಖ ಮಾಡಿ:
'ಮೂರು. ಪೌರತ್ವ ಪಡೆಯುವ ವಿಧಾನಗಳನ್ನು
ಉದಾಹರಣೆಯೊಂದಿಗೆ ವಿವರಿಸಿ. ಅಂಕ ಹತ್ತು.'

ಗಂಟೆ ಹೊಡೆದಾಗ ಅವಳೂ ಪೆನ್ನು ಮುಚ್ಚಿದಳು,
ಹಾಳೆಗಳನ್ನು ದಾರದಿಂದ ಕಟ್ಟಿ ಕೊಟ್ಟಳು.

ರಾತ್ರಿ ತಿದ್ದಿದೆ. ರಕ್ತದಿಂದ, ಹುಟ್ಟಿದ ನೆಲದಿಂದ,
ಮದುವೆಯಿಂದ, ಅರ್ಜಿಯಿಂದ...
ಎಲ್ಲ ಕ್ರಮವಾಗಿತ್ತು, ಅಂಚು ಬಿಟ್ಟು ಬರೆದಿದ್ದಳು.
ಉದಾಹರಣೆ ಮಾತ್ರ ಕೊಟ್ಟಿರಲಿಲ್ಲ.
ಎರಡು ಅಂಕ ಕಳೆದೆ.
ಎಂಟು ಎಂದು ಬರೆದು, ಸುತ್ತ ಗೆರೆ ಎಳೆದು,
ಇದನ್ನು ಯಾವ ಪಟ್ಟಿಗೆ ಏರಿಸಲಿ ಎಂದು ಕೂತೆ.

ಹಾಳೆ ತಿರುವಿದರೆ ಹಿಂದೆ ಅಂಗಡಿಯ ಉದ್ದರಿ ಲೆಕ್ಕ,
ಅದೇ ದುಂಡು ಅಕ್ಷರ:
ಝಲಕ್, ನಾಲ್ಕು ಚಹಾ, ಒಂದು ಸೇಲ್ ರೋಟಿ.
ಗ್ರಂಥಾಲಯದ ದಾಯಿ, ಎರಡು. ಸಂದಿದೆ.
ಅದರ ಕೆಳಗೆ, ತಪ್ಪಿಲ್ಲದೆ, ಪೂರ್ತಿಯಾಗಿ,
ತೀರ್ಥರತ್ನ ಮಹರ್ಜನ್:
ಹನ್ನೊಂದು ಚಹಾ. ಬಾಕಿ.